ಪಟ್ಟಿಯಲ್ಲಿದ್ದ ಹೆಸರು

ನಮಗೆ ಬೇಕಾದವರ ಮಗಳೊಬ್ಬಳು ದಾಬಸ್‌ಪೇಟೆಯಲ್ಲಿ ರಬ್ಬರ್ ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆ ನಡೆಸುತ್ತಾಳೆ. ಈಚೆಗೆ ಫೋನ್ ಮಾಡಿದ್ದಳು. ರೈಲ್ವೆಯ ಅಂಗೀಕೃತ ಪೂರೈಕೆದಾರರ ಪಟ್ಟಿಗೆ ಅವಳ ಘಟಕದ ಹೆಸರು ಸೇರಿ ವರ್ಷವಾಗುತ್ತ ಬಂದಿದೆಯಂತೆ. “ಪಟ್ಟಿಗೆ ಸೇರೋದೇ ಕಷ್ಟ, ಆಮೇಲೆ ತಾನಾಗಿ ನಡೆಯುತ್ತೆ ಅಂದ್ಕೊಂಡಿದ್ದೆ ಅಂಕಲ್. ಹೆಸರೇನೋ ಬಂತು. ಕೇಳೋರೇ ಇಲ್ಲ” ಎಂದಳು. ನನಗೆ ತಕ್ಷಣ ಏನೂ ಹೇಳಲು ತೋಚಲಿಲ್ಲ. ಹೆಚ್ಚುಕಡಿಮೆ ಇದೇ ಮಾತನ್ನು ನಮ್ಮ ಸೋದರಮಾವ ಪೀಣ್ಯದ ಶೆಡ್ಡಿನಲ್ಲಿ ಕಬ್ಬಿಣದ ಕುರ್ಚಿಯ ಮೇಲೆ ಕೂತು ಹೇಳಿದ್ದು ಕಿವಿಯಲ್ಲೇ ಇತ್ತು. ಆಗ ನಾನು ಬಿ.ಕಾಂ. ಮುಗಿಸಿ ಅವರ ಹತ್ತಿರ ಲೆಕ್ಕ ಬರೆಯಲು, ಟೈಪ್ ಮಾಡಲು ಸೇರಿಕೊಂಡ ಹೊಸತು. ಎಂಬತ್ತರ ದಶಕ ಮುಗಿಯುತ್ತಿತ್ತು.

ಮಾವ ಸರ್ಕಾರಿ ಕಾರ್ಖಾನೆಯೊಂದರ ಕೆಲಸ ಬಿಟ್ಟು, ಅತ್ತೆಯ ಒಡವೆ ಅಡವಿಟ್ಟು ಶೆಡ್ ಹಿಡಿದವರು. ಆಗಿನ ಪೀಣ್ಯವೆಂದರೆ ಮಳೆಗಾಲದಲ್ಲಿ ಮೊಣಕಾಲುದ್ದ ಕೆಸರು, ಬೇಸಿಗೆಯಲ್ಲಿ ಕೆಂಧೂಳು, ಯಾವಾಗ ಹೋಗುತ್ತದೋ ಗೊತ್ತಿಲ್ಲದ ಕರೆಂಟು. ಶೆಡ್ಡಿನಲ್ಲಿ ಒಂದು ಲೇತು, ಒಂದು ಡ್ರಿಲ್ಲಿಂಗ್ ಯಂತ್ರ, ಸಾಲ ಮಾಡಿ ತಂದ ಒಂದು ಇಂಜೆಕ್ಷನ್ ಮೌಲ್ಡಿಂಗ್ ಯಂತ್ರ. ಅದರಲ್ಲಿ ನಾವು ಮಾಡುತ್ತಿದ್ದದ್ದು ನೈಲಾನ್ ಬುಷ್ಷು.

ಈ ಬುಷ್ಷಿನ ಬಗ್ಗೆ ಸ್ವಲ್ಪ ಹೇಳಬೇಕು. ಪೆರಂಬೂರಿನ ಇಂಟಿಗ್ರಲ್ ಕೋಚ್ ಫ್ಯಾಕ್ಟರಿ 1955ರಲ್ಲಿ ಸ್ವಿಟ್ಜರ್ಲೆಂಡಿನ ಕಂಪನಿಯೊಂದರ ಸಹಯೋಗದಲ್ಲಿ ಶುರುವಾಯಿತು. ಅಲ್ಲಿಂದ ಹೊರಬಂದ ನೀಲಿ, ಕೆಂಪು ಬೋಗಿಗಳಲ್ಲೇ ದೇಶ ದಶಕಗಳ ಕಾಲ ಓಡಾಡಿದೆ. ಆ ಬೋಗಿಯಲ್ಲಿ ಬ್ರೇಕ್ ಹಾಕಿದಾಗ ಸಿಲಿಂಡರಿನ ಒತ್ತಡ ನೇರವಾಗಿ ಗಾಲಿಗೆ ಹೋಗುವುದಿಲ್ಲ. ಸನ್ನೆಗೋಲುಗಳು, ಎಳೆಗಂಬಿಗಳು, ಹ್ಯಾಂಗರುಗಳು ಒಂದಕ್ಕೊಂದು ಕೊಂಡಿಯಾಗಿ ಆ ಬಲವನ್ನು ಬ್ರೇಕ್ ಬ್ಲಾಕಿಗೆ ಮುಟ್ಟಿಸುತ್ತವೆ. ಬ್ಲಾಕು ಗಾಲಿಯ ಅಂಚನ್ನು ಒತ್ತಿ ಹಿಡಿಯುತ್ತದೆ. ಪ್ರತಿ ಕೊಂಡಿಯಲ್ಲೂ ಒಂದು ಉಕ್ಕಿನ ಪಿನ್ನು, ಅದರ ಸುತ್ತ ಒಂದು ಬುಷ್ಷು. ಮೊದಲು ಬುಷ್ಷೂ ಉಕ್ಕಿನದೇ ಇತ್ತು. ಉಕ್ಕು ಉಕ್ಕನ್ನು ತಿಕ್ಕಿ ಸವೆದರೆ ಕೊಂಡಿ ಸಡಿಲ, ಗಡಗಡ ಸದ್ದು, ಬ್ರೇಕಿನ ಹಿಡಿತವೂ ಕಡಿಮೆ. ನೈಲಾನ್ 66 ಎಂಬ ಪ್ಲಾಸ್ಟಿಕ್ಕಿನ ಬುಷ್ಷು ಬಂದದ್ದು ಆ ಸವೆತ ತಡೆಯಲು. ಅಂಗೈಯಲ್ಲಿ ಮುಚ್ಚಿಡಬಹುದಾದ, ಹಾಲುಬಿಳುಪಿನ ಒಂದು ಉಂಗುರ. ಮಾವ ರೈಲಿನಲ್ಲಿ ಹೋಗುವಾಗಲೆಲ್ಲ ಜೇಬಿನಿಂದ ಅದನ್ನು ತೆಗೆದು ಎದುರು ಸೀಟಿನವರ ಕೈಗೆ ಕೊಡುತ್ತಿದ್ದರು. “ನೋಡಿ ಸ್ವಾಮಿ, ಈ ಗಾಡಿ ನಿಲ್ಲೋದು ಇದರಿಂದ” ಅನ್ನುತ್ತಿದ್ದರು. ಎದುರಿನವರು ತಿರುಗಿಸಿ ನೋಡಿ, ಏನು ಹೇಳಬೇಕೋ ತಿಳಿಯದೆ ವಾಪಸು ಕೊಡುತ್ತಿದ್ದರು. ಮಾವನ ಮುಖ ಮಾತ್ರ ಬೆಳಗುತ್ತಿತ್ತು.

ಪ್ರಯಾಣಿಕರ ಪ್ರಾಣಕ್ಕೆ ಸಂಬಂಧಪಟ್ಟ ಇಂಥ ಭಾಗಗಳನ್ನು ಯಾರೆಂದರೆ ಅವರಿಂದ ರೈಲ್ವೆ ಕೊಳ್ಳುವುದಿಲ್ಲ. ಲಖನೌದ ಮಾನಕ್ ನಗರದಲ್ಲಿ ಆರ್‌ಡಿಎಸ್‌ಒ ಎಂಬ ಸಂಸ್ಥೆಯಿದೆ. ರೈಲ್ವೆಯ ಸಂಶೋಧನೆ, ವಿನ್ಯಾಸ, ಮಾನದಂಡ ಎಲ್ಲವೂ ಅಲ್ಲಿಯದೇ. 1957ರಲ್ಲಿ ಎರಡು ಹಳೆಯ ಕಚೇರಿಗಳನ್ನು ಸೇರಿಸಿ ಅದನ್ನು ಕಟ್ಟಿದರು. ಡ್ರಾಯಿಂಗ್ ಅವರದು, ಪರೀಕ್ಷೆಯ ಕ್ರಮ ಅವರದು, ಯಾರು ಮಾಡಬಹುದು ಎಂಬ ಪಟ್ಟಿಯೂ ಅವರದು. ಆಗ ಆ ಪಟ್ಟಿಯಲ್ಲಿ ಎರಡು ಭಾಗ. ಹೊಸಬರು ಪಾರ್ಟ್ ಟು. ಅವರಿಗೆ ಖರೀದಿಯಲ್ಲಿ ಸಣ್ಣ ಪಾಲು ಮಾತ್ರ. ಕೊಟ್ಟ ಮಾಲು ಬೋಗಿಗಳಲ್ಲಿ ಓಡಿ, ಚೆನ್ನಾಗಿದೆ ಎಂದು ವರ್ಕ್‌ಶಾಪುಗಳು ಬರೆದುಕೊಟ್ಟ ಮೇಲೆ ಪಾರ್ಟ್ ಒನ್. ದೊಡ್ಡ ಆರ್ಡರ್ ಅವರಿಗೇ.

ಮಾವ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ, ಝಾನ್ಸಿಯಲ್ಲಿ ಇಳಿದು, ಇನ್ನೊಂದು ಗಾಡಿ ಹಿಡಿದು ಲಖನೌಗೆ ಹೋಗುತ್ತಿದ್ದರು. ಮಾದರಿ ಬುಷ್ಷುಗಳನ್ನು ಹಳೇ ಪಂಚೆಯಲ್ಲಿ ಸುತ್ತಿ ಚೀಲದ ತಳದಲ್ಲಿ ಇಟ್ಟುಕೊಳ್ಳುತ್ತಿದ್ದರು. ಮೇಲೆ ಅತ್ತೆ ಮಾಡಿಕೊಟ್ಟ ಚಟ್ನಿಪುಡಿ, ಅವಲಕ್ಕಿ. ಅವರು ಅಲ್ಲಿಂದ ತರುತ್ತಿದ್ದ ಪ್ರಶ್ನೆಗಳ ಉದ್ದ ಪಟ್ಟಿಗೆ ಉತ್ತರ ಟೈಪ್ ಮಾಡುವುದು ನನ್ನ ಕೆಲಸ. ಯಂತ್ರಗಳ ವಿವರ, ಅಳತೆಯ ಉಪಕರಣಗಳ ವಿವರ, ಅವನ್ನು ಯಾವಾಗ ಪರೀಕ್ಷೆ ಮಾಡಿಸಿದಿರಿ, ಕಚ್ಚಾ ಮಾಲು ಎಲ್ಲಿಂದ ತರುತ್ತೀರಿ, ಬಾಲೆನ್ಸ್ ಶೀಟು. ಮೂರು ಕಾರ್ಬನ್ ಪ್ರತಿಗಳು. ಕಡೆಗೆ ಒಂದು ದಿನ ಪಾರ್ಟ್ ಟುನಲ್ಲಿ ನಮ್ಮ ಹೆಸರಿರುವ ಕಾಗದ ಬಂತು. ಅತ್ತೆ ಶೆಡ್ಡಿಗೇ ಬಂದು ಪಾಯಸ ಹಂಚಿದರು.

ಆಮೇಲೆ ಏನೂ ಆಗಲಿಲ್ಲ. ವಾರವಾಯಿತು, ತಿಂಗಳಾಯಿತು. ಅಂಚೆಯವನು ಕರೆಂಟ್ ಬಿಲ್ಲು, ಬ್ಯಾಂಕಿನ ನೋಟೀಸು ಇಷ್ಟನ್ನೇ ತರುತ್ತಿದ್ದ. ಮಾವ ಕುರ್ಚಿಯಲ್ಲಿ ಕೂತು ಆ ಮಾತು ಹೇಳಿದ್ದು ಆಗ.

ಕೊಳ್ಳುವವರು ಎಲ್ಲಿರುತ್ತಾರೆ, ಹೇಗೆ ಕೊಳ್ಳುತ್ತಾರೆ ಎಂಬುದು ನಮಗೆ ತಿಳಿಯುತ್ತ ಬಂದದ್ದು ಆ ಖಾಲಿ ದಿನಗಳಲ್ಲೇ. ಪಟ್ಟಿ ಮಾಡುವವರು ಲಖನೌದವರು, ಕೊಳ್ಳುವವರು ಬೇರೆ. ಪ್ರತಿ ವಲಯದ ಸ್ಟೋರ್ಸ್ ವಿಭಾಗ ತನ್ನ ವರ್ಕ್‌ಶಾಪುಗಳಿಗೆ ತಾನೇ ಕೊಳ್ಳುತ್ತದೆ. ಬೆಂಗಳೂರು, ಮೈಸೂರು ಆಗ ದಕ್ಷಿಣ ರೈಲ್ವೆಗೆ ಸೇರಿದ್ದವು. ಖರೀದಿಯ ಕಚೇರಿ ಮದ್ರಾಸಿನ ಅಯನಾವರಂನಲ್ಲಿ. ಹುಬ್ಬಳ್ಳಿಯೇನೋ ನಮ್ಮದೇ ಊರು, ಆದರೆ ಅದು ದಕ್ಷಿಣ ಮಧ್ಯ ರೈಲ್ವೆಯ ಕೈಕೆಳಗೆ. ಅದರ ಕಾಗದಪತ್ರವೆಲ್ಲ ಸಿಕಂದರಾಬಾದಿನಲ್ಲಿ. ಹುಬ್ಬಳ್ಳಿಯೇ ಕೇಂದ್ರವಾಗಿ ನೈರುತ್ಯ ರೈಲ್ವೆ ಆದದ್ದು 2003ರಲ್ಲಿ. ಅದಕ್ಕೆ ಮುಂಚೆ ಪೀಣ್ಯದಲ್ಲಿ ಮಾಡಿದ ಬುಷ್ಷು ಹುಬ್ಬಳ್ಳಿಗೆ ಹೋಗಬೇಕಾದರೂ ಮಾತು ಸಿಕಂದರಾಬಾದನ್ನು ಸುತ್ತಿಕೊಂಡೇ ಬರಬೇಕಿತ್ತು.

ದೊಡ್ಡ ಟೆಂಡರುಗಳ ಪ್ರಕಟಣೆ ಕಲ್ಕತ್ತೆಯಿಂದ ಬರುತ್ತಿದ್ದ ‘ಇಂಡಿಯನ್ ಟ್ರೇಡ್ ಜರ್ನಲ್’ ಎಂಬ ಸರ್ಕಾರಿ ವಾರಪತ್ರಿಕೆಯಲ್ಲಿ ಇರುತ್ತಿತ್ತು. ಸಣ್ಣವು ಕಚೇರಿಯ ನೋಟೀಸ್ ಬೋರ್ಡಿನಲ್ಲಿ. ಪತ್ರಿಕೆ ಅಂಚೆಯಲ್ಲಿ ನಮಗೆ ಮುಟ್ಟುವ ಹೊತ್ತಿಗೆ ಕೆಲವು ಟೆಂಡರುಗಳ ದಿನವೇ ಮುಗಿದುಹೋಗಿರುತ್ತಿತ್ತು. ಸಣ್ಣ ಅಕ್ಷರದ ಆ ಪುಟಗಳಲ್ಲಿ ನಾನು ಹುಡುಕುತ್ತಿದ್ದದ್ದು ಎಂಟು ಅಂಕಿಯ ಪಿಎಲ್ ನಂಬರು. ರೈಲ್ವೆ ಕೊಳ್ಳುವ ಪ್ರತಿ ವಸ್ತುವಿಗೂ ಅಂಥ ಒಂದು ನಂಬರಿದೆ. ನಮ್ಮ ಬುಷ್ಷುಗಳ ನಂಬರು ನನಗೆ ಈಗಲೂ ಬಾಯಿಪಾಠ. ಮನೆಯವರ ಫೋನ್ ನಂಬರು ಅಷ್ಟು ಚೆನ್ನಾಗಿ ನೆನಪಿಲ್ಲ.

ಟೆಂಡರ್ ತೆರೆಯುವ ದಿನ ಮಾವನ ಜೊತೆ ನಾನೂ ಅಯನಾವರಂಗೆ ಹೋಗಿದ್ದುಂಟು. ಗೋಡೆಗೆ ಹಾಕಿದ ಬೆಂಚುಗಳ ಮೇಲೆ ಕಲ್ಕತ್ತೆ, ಲೂಧಿಯಾನ, ಹೌರಾ, ಕೊಯಮತ್ತೂರಿನವರು. ಬೀಗ ಹಾಕಿದ ಪೆಟ್ಟಿಗೆಯನ್ನು ಎಲ್ಲರ ಮುಂದೆ ತೆಗೆಯುತ್ತಿದ್ದರು. ಅರಗಿನ ಮುದ್ರೆ ಒಡೆದು, ಒಂದೊಂದು ಪುಟಕ್ಕೂ ಅಧಿಕಾರಿ ಸಹಿ ಹಾಕಿ, ತಿದ್ದಿದ ಅಂಕಿಗಳ ಸುತ್ತ ಕೆಂಪು ಶಾಯಿಯಲ್ಲಿ ಗುಂಡಗೆ ಗೆರೆ ಎಳೆದು, ಆಮೇಲೆ ದರ ಓದುತ್ತಿದ್ದರು. ಓದುವ ಗುಮಾಸ್ತರ ದನಿಯಲ್ಲಿ ಏರಿಳಿತವೇ ಇರುತ್ತಿರಲಿಲ್ಲ. ಬೆಂಚಿನ ಮೇಲಿನವರ ಪೆನ್ನುಗಳು ಮಾತ್ರ ಒಟ್ಟಿಗೆ ಓಡುತ್ತಿದ್ದವು. ಕಂಪನಿ, ದರ, ಎಷ್ಟು ದಿನದಲ್ಲಿ ಕೊಡುತ್ತಾರೆ. ಮಾವನ ಆ ನೋಟ್‌ಬುಕ್ಕುಗಳೇ ನಮ್ಮ ಆಸ್ತಿ. ಯಾರು ಎಲ್ಲಿ ಎಷ್ಟಕ್ಕೆ ಕೊಟ್ಟರು ಎಂಬ ಹಲವು ವರ್ಷಗಳ ಲೆಕ್ಕ ಅವುಗಳಲ್ಲಿತ್ತು.

ಅಲ್ಲಿ ಕೂತಾಗ ಅರ್ಥವಾದ ಒಂದು ಸಂಗತಿಯೆಂದರೆ, ಟೆಂಡರ್ ಸಮಿತಿಯ ಮುಂದೆ ನಾವೆಂದರೆ ಹೋಲಿಕೆ ಪಟ್ಟಿಯ ಒಂದು ಸಾಲು. ಸ್ಟೋರ್ಸ್‌ನವರೊಬ್ಬರು, ಲೆಕ್ಕಪತ್ರದವರೊಬ್ಬರು, ಆ ಮಾಲು ಬಳಸುವ ವಿಭಾಗದವರೊಬ್ಬರು, ಮೂವರು ಕೂತು ಆ ಸಾಲು ಓದುತ್ತಾರೆ. ಹಿಂದೆ ಏನು ಕೊಟ್ಟಿದ್ದಾರೆ, ಹೊತ್ತಿಗೆ ಕೊಟ್ಟರೆ, ವಾಪಸು ಬಂತೆ. ಹೊಸಬರ ಸಾಲಿನಲ್ಲಿ ಆ ಜಾಗವೆಲ್ಲ ಖಾಲಿ. ಖಾಲಿ ಜಾಗವನ್ನು ನಂಬಿ ಬ್ರೇಕಿನ ಭಾಗ ಕೊಳ್ಳಲು ಯಾವ ಅಧಿಕಾರಿಗೆ ಧೈರ್ಯ ಬರುತ್ತದೆ? ಅವರನ್ನು ನಾನು ಆಗಲೂ ದೂರಲಿಲ್ಲ. ನನ್ನ ಮಗು ಹೋಗುವ ರೈಲಿಗೆ ನಾನಾದರೂ ಹಾಗೇ ಮಾಡುತ್ತಿದ್ದೆ.

ಕಡೆಗೊಮ್ಮೆ ಸಣ್ಣ ಆರ್ಡರು ಬಂತು. ಅದರ ಹಿಂದೆಯೇ ಮಳೆಗಾಲದಲ್ಲಿ ಒಂದು ವರ್ಕ್‌ಶಾಪಿನಿಂದ ತಕರಾರು ಬಂತು. ನಿಮ್ಮ ಬುಷ್ಷಿನಲ್ಲಿ ಪಿನ್ನು ಇಳಿಯುತ್ತಿಲ್ಲ. ಮಾವನ ಮುಖ ಕಪ್ಪಿಟ್ಟಿತು. ಶೆಡ್ಡಿನಿಂದ ಹೊರಡುವಾಗ ಗೋ–ನೋಗೋ ಗೇಜಿನಲ್ಲಿ ಒಂದೊಂದನ್ನೂ ನೋಡಿ ಕಳಿಸಿದ್ದೆವು. ರೈಲ್ವೆಯ ಪರವಾಗಿ ಮಾಲು ನೋಡುವ ರೈಟ್ಸ್ ಸಂಸ್ಥೆಯ ಇನ್‌ಸ್ಪೆಕ್ಟರು ಬಂದು ಅಳೆದು ಚೀಲಗಳಿಗೆ ಸೀಲು ಒತ್ತಿ ಹೋಗಿದ್ದರು.

ನಮ್ಮಲ್ಲಿ ಅಚ್ಚು ಮಾಡುವ ಮೇಸ್ತ್ರಿಯೊಬ್ಬರಿದ್ದರು. ಕುಣಿಗಲ್ ಕಡೆಯವರು, ನಾಲ್ಕನೇ ಕ್ಲಾಸಿನವರೆಗೆ ಓದಿದ್ದವರು. ಮೌಲ್ಡಿಂಗ್ ಯಂತ್ರಕ್ಕೆ ಬೇಕಾದ ಉಕ್ಕಿನ ಅಚ್ಚನ್ನು ಲೇತಿನಲ್ಲಿ ಕಡೆದು, ಕೈಯಲ್ಲಿ ಉಜ್ಜಿ ಕನ್ನಡಿ ಮಾಡುತ್ತಿದ್ದವರು ಅವರೇ. ತಕರಾರಿನ ಚೀಲ ವಾಪಸು ಬಂದ ಸಂಜೆ ಅವರು ಒಂದು ಬುಷ್ಷನ್ನು ಕೆನ್ನೆಗೆ ಒತ್ತಿಕೊಂಡು ನೋಡಿದರು. ಮೈಕ್ರೋಮೀಟರಿನಲ್ಲಿ ಅಳೆದರು. “ಇದು ನೀರು ಕುಡಿದಿದೆ ಸ್ವಾಮಿ” ಎಂದರು.

ನೈಲಾನಿನ ಸ್ವಭಾವವೇ ಹಾಗೆ. ಗಾಳಿಯಲ್ಲಿರುವ ತೇವವನ್ನೇ ಹೀರಿ ತನ್ನ ತೂಕದ ನೂರಕ್ಕೆ ಎರಡು–ಮೂರು ಪಾಲಿನಷ್ಟು ನೀರು ಹಿಡಿಯುತ್ತದೆ, ಹಿಡಿದು ಹಿಗ್ಗುತ್ತದೆ. ಸನ್ನೆಗೋಲಿನ ಕಬ್ಬಿಣದ ತೂತಿಗೆ ಒತ್ತಿ ಕೂರಿಸಿದ ಮೇಲೆ ಹೊರಗಡೆ ಹಿಗ್ಗಲು ಜಾಗವಿಲ್ಲ. ಒಳಗಿನ ತೂತೇ ಕಿರಿದಾಗುತ್ತದೆ, ಪಿನ್ನು ಹಿಡಿದುಕೊಳ್ಳುತ್ತದೆ. ಯಂತ್ರಕ್ಕೆ ಹಾಕುವ ಮುಂಚೆ ನೈಲಾನ್ ಕಾಳನ್ನು ಒಲೆಯಲ್ಲಿಟ್ಟು ಚೆನ್ನಾಗಿ ಒಣಗಿಸಲೇಬೇಕು, ಇಲ್ಲದಿದ್ದರೆ ಬುಷ್ಷಿನ ಮೈಯೆಲ್ಲ ಗೆರೆಗೆರೆ, ಬಲವೂ ಇಲ್ಲ. ಅದು ಎಲ್ಲರಿಗೂ ಗೊತ್ತಿತ್ತು. ಅಚ್ಚಿನಿಂದ ತೆಗೆದ ಮೇಲೆ ಅದಕ್ಕೆ ಮತ್ತೆ ನೀರು ಕುಡಿಸಿ, ಹಿಗ್ಗುವಷ್ಟು ಹಿಗ್ಗಿಸಿ, ಆಮೇಲೆ ಅಳೆಯಬೇಕು ಎಂಬುದನ್ನು ನಮ್ಮ ಶೆಡ್ಡಿನಲ್ಲಿ ಕಂಡುಕೊಂಡವರು ಮೇಸ್ತ್ರಿ. ಮಾವನ ಮನೆಯ ತಾಮ್ರದ ಹಂಡೆ ಶೆಡ್ಡಿನ ಹಿಂದಕ್ಕೆ ಬಂತು. ಸೌದೆ ಒಲೆಯ ಮೇಲೆ ಬುಷ್ಷುಗಳು ಗಂಟೆಗಟ್ಟಲೆ ಕುದಿಯುತ್ತಿದ್ದವು. ಮೇಸ್ತ್ರಿ ಹೊತ್ತುಹೊತ್ತಿಗೆ ಒಂದೊಂದನ್ನು ಸೌಟಿನಲ್ಲಿ ಎತ್ತಿ, ಆರಿಸಿ, ಅಳೆದು, ಗೋಡೆಗೆ ಅಂಟಿಸಿದ ಸಿಗರೇಟ್ ಪ್ಯಾಕಿನ ಹಿಂಬದಿಯಲ್ಲಿ ಬರೆದಿಡುತ್ತಿದ್ದರು. ಆ ಅಂಕಿ ನೋಡಿಕೊಂಡು ಅಚ್ಚಿನ ನಡುಗಂಬವನ್ನು ಕೂದಲೆಳೆಯಷ್ಟು ದಪ್ಪ ಮಾಡಿದರು. ಮುಂದಿನ ಮಳೆಗಾಲದಲ್ಲಿ ತಕರಾರು ಬರಲಿಲ್ಲ.

ಮಾವ ಆ ಬುಷ್ಷುಗಳನ್ನು ತೆಗೆದುಕೊಂಡು ಖುದ್ದಾಗಿ ವರ್ಕ್‌ಶಾಪಿಗೆ ಹೋದರು. ಅವರು ಅಧಿಕಾರಿಯ ಕೋಣೆಗಷ್ಟೇ ಹೋಗಿ ಬರುವವರಲ್ಲ. ಪಾಸು ಮಾಡಿಸಿಕೊಂಡು ಕ್ಯಾರೇಜ್ ಶಾಪಿನ ಒಳಗೆ, ಬೋಗಿ ಬಿಚ್ಚಿಟ್ಟ ಗುಂಡಿಯ ಪಕ್ಕ, ಬುಷ್ಷು ಒತ್ತುವ ಫಿಟ್ಟರ ಹತ್ತಿರ ಹೋಗಿ ನಿಲ್ಲುತ್ತಿದ್ದರು. “ಯಾವ ಚೀಲದ್ದು ಸಲೀಸು, ಯಾವುದು ತೊಂದರೆ?” ಎಂದು ಕೇಳುತ್ತಿದ್ದರು. ತಮಿಳು, ತೆಲುಗು, ಹಿಂದಿ, ಯಾವುದು ಬೇಕಾದರೂ ಅವರ ನಾಲಗೆಯ ಮೇಲಿತ್ತು. ಫಿಟ್ಟರುಗಳು ನಮ್ಮ ಮೊದಲಕ್ಷರ ಮೂಡಿಸಿದ ಬುಷ್ಷುಗಳನ್ನು ಬೇರೆ ತೆಗೆದಿಡುತ್ತಿದ್ದಾರೆ ಎಂದು ಒಬ್ಬ ಫೋರ್‌ಮನ್ ಹೇಳಿದಾಗ ಅವರು ಅಲ್ಲಿಂದಲೇ ಟ್ರಂಕ್ ಕಾಲ್ ಮಾಡಿದ್ದರು. ಇಂಥ ಕಂಪನಿಯ ಮಾಲೇ ಬೇಕು ಎಂದು ಕೇಳಲು ಫೋರ್‌ಮನ್‌ಗೆ ಅಧಿಕಾರವಿಲ್ಲ, ಇರಲೂಬಾರದು. ಆದರೆ ಮಾಲು ಹೇಗಿದೆ ಎಂಬ ವರದಿಗೆ ಸಹಿ ಹಾಕುವವರು ಅಂಥವರೇ. ಆ ವರದಿಗಳು ಸೇರಿ ಸೇರಿ ನಾವು ಪಾರ್ಟ್ ಒನ್‌ಗೆ ಹೋದೆವು. ಆಮೇಲೆ ಅಂಚೆಯವನ ಚೀಲದಲ್ಲಿ ಟೆಂಡರಿನ ಕಾಗದಗಳೂ ಬರತೊಡಗಿದವು.

ಬಹಳ ಕಾಲ ಈ ಕಥೆಯನ್ನು ನಾನು ಮಾವನ ಸಾಹಸದ ಕಥೆಯಾಗಿಯೇ ಹೇಳುತ್ತಿದ್ದೆ. ಅದು ಸುಳ್ಳಲ್ಲ. ರೈಲ್ವೆಯಿಂದ ನೂರಕ್ಕೆ ತೊಂಬತ್ತೈದು ಭಾಗ ದುಡ್ಡು ಮಾಲು ಕಳಿಸಿದ ದಾಖಲೆಯ ಮೇಲೆ ಬರುತ್ತಿತ್ತು, ಉಳಿದ ಐದು ಭಾಗಕ್ಕೆ ಮಾಲು ಮುಟ್ಟಿತು ಎಂದು ಹೇಳುವ ಆರ್ ನೋಟ್ ಎಂಬ ಕಾಗದಕ್ಕಾಗಿ ಕಾಯಬೇಕಿತ್ತು. ಆ ಐದು ಭಾಗದಲ್ಲೇ ನಮ್ಮ ಲಾಭವೆಲ್ಲ ಇರುತ್ತಿದ್ದದ್ದು. ಎಷ್ಟೋ ತಿಂಗಳು ಮಾವ ತಾವು ಒಂದು ರೂಪಾಯಿ ತೆಗೆದುಕೊಳ್ಳದೆ ಕೆಲಸಗಾರರ ಸಂಬಳವನ್ನು ಏಳನೇ ತಾರೀಖಿನೊಳಗೆ ಕೊಟ್ಟರು. ಅವರ ಮೇಲಿನ ನನ್ನ ಪ್ರೀತಿ ಇಂದಿಗೂ ಹಾಗೇ ಇದೆ.

ಆದರೆ ಕೊಳ್ಳುವವರ ಕಣ್ಣಿಗೆ ಬೀಳುವುದು ಎಂದರೆ ಏನೇನೆಲ್ಲ ಇತ್ತು ಎಂಬುದನ್ನೂ ಹೇಳಬೇಕು. ಪ್ರತಿ ಡಿಸೆಂಬರಿನಲ್ಲಿ ನಾನು ಶಿವಕಾಶಿಯಿಂದ ತರಿಸಿದ ತಿರುಪತಿ ವೆಂಕಟರಮಣನ ಕ್ಯಾಲೆಂಡರುಗಳಿಗೆ ವಿಳಾಸ ಬರೆಯುತ್ತಿದ್ದೆ. ಸ್ಟೋರ್ಸ್ ಕಚೇರಿಗಳ ಗೋಡೆಯ ಮೇಲೆ ನಮ್ಮ ಕಂಪನಿಯ ಹೆಸರು ವರ್ಷವಿಡೀ ಇರಲಿ ಎಂದು. ಕ್ಯಾಲೆಂಡರಿನ ಜೊತೆ ಡೈರಿ, ಡೈರಿಯ ಜೊತೆ ಮೈಸೂರುಪಾಕು. ಫೈಲು ಮೇಲಿನ ಮೇಜಿಗೆ ಹೋಗಿದೆಯೋ ಇಲ್ಲವೋ ಎಂದು ಹೇಳುವ ಗುಮಾಸ್ತನ ಮಗಳ ಮದುವೆಗೆ ಬೆಳ್ಳಿಯ ಲೋಟ. ಇದು ಲಂಚವಲ್ಲ, ಬಳಕೆ ಎಂದು ಮಾವ ನಂಬಿದ್ದರು. ಆದರೆ ಆ ಬಳಕೆಗೆ ರೈಲು ಖರ್ಚು ಬೇಕು, ನಾಲ್ಕು ಭಾಷೆ ಬೇಕು, ಕುರ್ಚಿಯ ಮುಂದೆ ಕುಗ್ಗದೆ ಕೂರುವ ಮನೆತನದ ರೂಢಿ ಬೇಕು. ಅವು ಇಲ್ಲದವನ ಬುಷ್ಷು ಎಷ್ಟೇ ಚೆನ್ನಾಗಿದ್ದರೂ ಯಾವ ಗೋಡೆಯ ಮೇಲೂ ಅವನ ಕ್ಯಾಲೆಂಡರ್ ಇರುತ್ತಿರಲಿಲ್ಲ.

ಇನ್ನೊಂದಿದೆ. ಬೇರೊಂದು ಊರಿನ ಕಚೇರಿಯಲ್ಲಿ ಟೆಂಡರ್ ತೆರೆದಾಗ ಓದಿದ ದರಗಳು ಐದಾರು ಕಂಪನಿಗಳವೂ ಪೈಸೆ ಬಿಡದೆ ಒಂದೇ ಆಗಿದ್ದವು. ಬೆಂಚಿನ ಮೇಲೆ ಯಾರೂ ಆಶ್ಚರ್ಯಪಡಲಿಲ್ಲ. ಹಿಂದಿನ ರಾತ್ರಿ ಲಾಡ್ಜಿನ ಕೋಣೆಯೊಂದರಲ್ಲಿ ಅವರೆಲ್ಲ ಕೂತಿದ್ದರು. ಅವರಲ್ಲಿ ಮಾವನೂ ಇದ್ದರು. ಎಲ್ಲರಿಗೂ ಒಂದಿಷ್ಟು ಹಂಚಿಕೆಯಾಗಲಿ, ಒಬ್ಬರನ್ನೊಬ್ಬರು ಕೊಂದುಕೊಳ್ಳುವುದು ಬೇಡ ಎಂಬುದು ಅವರ ವಾದ. ಪಟ್ಟಿಯಲ್ಲಿ ಹೆಸರು ಕಡಿಮೆ ಇದ್ದಷ್ಟೂ ಇಂಥ ಕೂಟ ಸುಲಭ. 2020ರಲ್ಲಿ ರೈಲ್ವೆಗೆ ಕಾಂಪೋಸಿಟ್ ಬ್ರೇಕ್ ಬ್ಲಾಕ್ ಕೊಡುತ್ತಿದ್ದ ಕೆಲವು ಪೂರೈಕೆದಾರರು ಒಳಒಪ್ಪಂದ ಮಾಡಿಕೊಂಡಿದ್ದರೆಂದು ಭಾರತೀಯ ಸ್ಪರ್ಧಾ ಆಯೋಗ ತೀರ್ಮಾನ ಕೊಟ್ಟಾಗ, ಆ ಲಾಡ್ಜಿನ ಬಿಳಿ ಬಲ್ಬು, ಟೀ ಲೋಟಗಳು ನನ್ನ ಕಣ್ಣ ಮುಂದೆ ಬಂದವು. ಪ್ರಾಣದ ಪ್ರಶ್ನೆಯೆಂದು ಕಟ್ಟಿದ ಬೇಲಿಯನ್ನು ಒಳಗಿದ್ದವರು ಬೆಲೆಯ ಬೇಲಿಯಾಗಿಯೂ ಬಳಸಿಕೊಂಡರು. ಇದನ್ನು ನಾನು ಸಣ್ಣದೆಂದು ತಳ್ಳಿಹಾಕಲಾರೆ.

ಈಗ ಆ ಬೆಂಚು ಇಲ್ಲ, ಪೆಟ್ಟಿಗೆ ಇಲ್ಲ. ರೈಲ್ವೆಯ ಐಆರ್‌ಇಪಿಎಸ್ ಜಾಲತಾಣದಲ್ಲಿ ಟೆಂಡರು, ದರ, ಹೋಲಿಕೆ ಪಟ್ಟಿ, ಬಿಲ್ಲು ಎಲ್ಲವೂ ಇದೆ. ಅನುಮೋದನೆಗೆ ಅರ್ಜಿಯನ್ನೂ ಅಲ್ಲಿಯೇ ಹಾಕಬೇಕು. ಪಾರ್ಟ್ ಒನ್, ಪಾರ್ಟ್ ಟು ಹೋಗಿ ಅಂಗೀಕೃತರು, ಬೆಳವಣಿಗೆಯ ಹಂತದವರು ಎಂದಾಗಿದೆ. ಸಣ್ಣ ಉದ್ದಿಮೆಗಳಿಂದ ಇಂತಿಷ್ಟು ಕೊಳ್ಳಲೇಬೇಕು ಎಂಬ ಕೇಂದ್ರದ ಆದೇಶ 2012ರಲ್ಲಿ ಬಂತು. ಆಗ ನೂರಕ್ಕೆ ಇಪ್ಪತ್ತು ಇದ್ದದ್ದು 2018ರಲ್ಲಿ ಇಪ್ಪತ್ತೈದಾಯಿತು, ಅದರಲ್ಲಿ ಮೂರು ಭಾಗ ಹೆಂಗಸರ ಘಟಕಗಳಿಗೆ. ಸಣ್ಣ ಉದ್ದಿಮೆಗಳಿಗೆ ಈಗ ಟೆಂಡರಿನ ಠೇವಣಿಯ ಡಿ.ಡಿ. ಕಟ್ಟುವ ಪಾಡಿಲ್ಲ. ಮಾವ ಡಿ.ಡಿ.ಗಾಗಿ ಬ್ಯಾಂಕಿನ ಮ್ಯಾನೇಜರನ ಮುಂದೆ ನಿಂತಿದ್ದನ್ನು ಕಂಡವನಿಗೆ ಇದು ಎಷ್ಟು ದೊಡ್ಡದು ಎಂದು ಗೊತ್ತು. ಹಳೆಯದೇ ಚೆನ್ನಾಗಿತ್ತು ಎಂದು ಹೇಳುವವರ ಜೊತೆ ನಾನು ಸೇರುವುದಿಲ್ಲ.

ದಾಬಸ್‌ಪೇಟೆಯ ಹುಡುಗಿಗೆ ನಾನು ಆಮೇಲೆ ಫೋನ್ ಮಾಡಿ ಹೇಳಿದ್ದು ಇಷ್ಟು. ಪಟ್ಟಿ ನಿನಗೆ ಒಳಗೆ ಬರಲು ಪಾಸು ಕೊಟ್ಟಿದೆಯೇ ಹೊರತು ನಿನ್ನ ಬಗ್ಗೆ ಯಾರಿಗೂ ಹೇಳಿಲ್ಲ. ನಿನ್ನ ವಸ್ತುವಿನ ಪಿಎಲ್ ನಂಬರು ಹಿಡಿದು, ಯಾವ ವಲಯ, ಯಾವ ವರ್ಕ್‌ಶಾಪು, ವರ್ಷಕ್ಕೆ ಎಷ್ಟು ಕೊಳ್ಳುತ್ತದೆ, ಹಿಂದಿನ ಆರ್ಡರು ಯಾರಿಗೆ ಯಾವ ದರಕ್ಕೆ ಹೋಯಿತು ನೋಡು. ದೊಡ್ಡ ಟೆಂಡರಿಗೆ ಮೊದಲೇ ಕೈಹಾಕಬೇಡ. ಹುಬ್ಬಳ್ಳಿ, ಮೈಸೂರು ವರ್ಕ್‌ಶಾಪುಗಳು ತುರ್ತಿಗೆ ಕೊಳ್ಳುವ ಸಣ್ಣ ಲಾಟುಗಳನ್ನು ಹೊತ್ತಿಗೆ ಮುಂಚೆ ಕೊಟ್ಟು, ಆ ಖಾಲಿ ಜಾಗ ತುಂಬಿಸು. ಲಾಟು ತಡವಾದರೆ ದಂಡಕ್ಕಿಂತ ದೊಡ್ಡ ನಷ್ಟ ದಾಖಲೆಯದು. ರಾಜಾಜಿನಗರದ ಸಣ್ಣ ಕೈಗಾರಿಕೆ ಸಂಸ್ಥೆಯಲ್ಲಿ ನಡೆಯುವ ಪೂರೈಕೆದಾರರ ಮೇಳಗಳಿಗೆ ಹೋಗು. ಹಿಂದೆಯೂ ಅಲ್ಲಿ ಕೊಳ್ಳುವ ಕಾರ್ಖಾನೆಗಳು ತಮಗೆ ಬೇಕಾದ ಭಾಗಗಳನ್ನು ಚೀಟಿ ಕಟ್ಟಿ ಮೇಜಿನ ಮೇಲೆ ಇಡುತ್ತಿದ್ದವು. ಅಲ್ಲಿ ವಿಸಿಟಿಂಗ್ ಕಾರ್ಡ್ ಹಂಚುವುದಕ್ಕಿಂತ ಒಂದು ಭಾಗವನ್ನು ಕೈಗೆತ್ತಿಕೊಂಡು ಇದು ಎಲ್ಲಿ ಒಡೆಯುತ್ತದೆ ಎಂದು ಕೇಳು. ರೈಲ್ವೆ ಒಂದೇ ಕೊಳ್ಳುವುದು ಎಂದೂ ತಿಳಿಯಬೇಡ. ಬೆಂಗಳೂರಿನ ಬಿಇಎಂಎಲ್‌ನಲ್ಲೇ ವಂದೇ ಭಾರತ್ ಸ್ಲೀಪರ್ ತಯಾರಾಗಿ 2024ರಲ್ಲಿ ಹೊರಬಂತು, ಹೊಸೂರಿನಲ್ಲಿ ಬ್ರೇಕಿನ ದೊಡ್ಡ ಕಂಪನಿಯಿದೆ. ಅಂಥವರು ಐಎಸ್‌ಒ 22163 ಎಂಬ ರೈಲು ಉದ್ದಿಮೆಯದೇ ಗುಣಮಟ್ಟದ ಪ್ರಮಾಣಪತ್ರ ಕೇಳಬಹುದು. ಅದಕ್ಕೆ ಖರ್ಚಿದೆ, ಲೆಕ್ಕ ಹಾಕಿಕೊಂಡು ಮಾಡು. ಅವಳು ಎಲ್ಲ ಬರೆದುಕೊಂಡಳು. “ವರ್ಕ್‌ಶಾಪಿನ ಒಳಗೆ ಬಿಡ್ತಾರಾ ಅಂಕಲ್?” ಎಂದು ಕೇಳಿದಳು. ಕಾಗದ ಬರೆದು ಅನುಮತಿ ಕೇಳಿದರೆ ಬಿಡುತ್ತಾರೆ, ಹೋಗುವವರು ಕಡಿಮೆ ಎಂದೆ.

ನಮ್ಮ ಶೆಡ್ ಈಗಿಲ್ಲ. ಹಳೇ ನಮೂನೆಯ ಕೊನೆಯ ಬೋಗಿ ಪೆರಂಬೂರಿನಿಂದ ಹೊರಬಂದದ್ದು 2018ರ ಜನವರಿಯಲ್ಲಿ. ಜರ್ಮನಿಯಿಂದ ಬಂದ ಎಲ್‌ಎಚ್‌ಬಿ ನಮೂನೆಯಲ್ಲಿ ಬ್ರೇಕು ಗಾಲಿಯ ಅಚ್ಚಿಗೇ ಜೋಡಿಸಿದ ಡಿಸ್ಕಿನದು. ಅಷ್ಟೊಂದು ಸನ್ನೆಗೋಲು, ಎಳೆಗಂಬಿ, ಪಿನ್ನು ಅಲ್ಲಿ ಬೇಕಿಲ್ಲ. ಪ್ರಯಾಣಿಕರಿಗೆ ಒಳ್ಳೆಯದೇ ಆಯಿತು. ನಾವು ಯಾವ ಪಟ್ಟಿಯ ಮೇಲ್ಭಾಗಕ್ಕೆ ಏರಲು ಅಷ್ಟು ವರ್ಷ ಹೆಣಗಿದೆವೋ ಆ ಪಟ್ಟಿಯ ವಸ್ತುವೇ ನಿಧಾನವಾಗಿ ಕರಗಿತು. ಮಾವ ಅದನ್ನು ನೋಡುವ ಮುಂಚೆಯೇ ಹೋದರು.

ಮೇಸ್ತ್ರಿಯ ವಿಷಯ ಹೇಳದೆ ಇದನ್ನು ಮುಗಿಸುವಂತಿಲ್ಲ. ತೊಂಬತ್ತರ ದಶಕದ ನಡುವಿನಲ್ಲಿ ಅವರು ಲಗ್ಗೆರೆಯಲ್ಲಿ ಹಳೇ ಮೌಲ್ಡಿಂಗ್ ಯಂತ್ರವೊಂದನ್ನು ಹಾಕಿಕೊಂಡು ಸ್ವಂತ ಘಟಕ ಮಾಡಿದರು. ಬುಷ್ಷು ಅವರಿಗಿಂತ ಚೆನ್ನಾಗಿ ಮಾಡುವವರು ಪೀಣ್ಯದಲ್ಲಿ ನನಗೆ ಗೊತ್ತಿದ್ದಂತೆ ಯಾರೂ ಇರಲಿಲ್ಲ. ಆದರೆ ಅನುಮೋದನೆಗೆ ಬೇಕಾದ ಪ್ರಯೋಗಾಲಯದ ಉಪಕರಣ, ಪ್ರಮಾಣಪತ್ರ, ಇಂಗ್ಲಿಷಿನ ಕೈಪಿಡಿ, ಬ್ಯಾಂಕಿನ ಕಾಗದ ಒಂದೂ ಅವರ ಕೈಗೆ ನಿಲುಕಲಿಲ್ಲ. ಹೀಗಾಗಿ ಪಟ್ಟಿಯಲ್ಲಿ ಹೆಸರಿದ್ದವರಿಗೆ ಅಚ್ಚು ಮಾಡಿಕೊಡುವ ಜಾಬ್ ವರ್ಕಿನಲ್ಲೇ ಉಳಿದರು. ರೈಲ್ವೆಯ ಪ್ರತಿ ಬುಷ್ಷಿನ ಮೇಲೂ ತಯಾರಕರ ಮೊದಲಕ್ಷರಗಳು, ತಿಂಗಳು, ವರ್ಷ ಮೂಡಿರಬೇಕು. ಅದಕ್ಕೆ ಅಚ್ಚಿನಲ್ಲಿ ಅಕ್ಷರಗಳನ್ನು ಉಲ್ಟಾ ಕೆತ್ತಬೇಕು. ಇಂಗ್ಲಿಷ್ ಓದಲು ಬಾರದ ಆ ಮನುಷ್ಯ ಭೂತಗನ್ನಡಿ ಹಿಡಿದು ಬೇರೆ ಬೇರೆ ಕಂಪನಿಗಳ ಹೆಸರನ್ನು ಬಲದಿಂದ ಎಡಕ್ಕೆ ತಪ್ಪಿಲ್ಲದೆ ಕೆತ್ತುತ್ತಿದ್ದರು. ಫಿಟ್ಟರುಗಳು ಬೇರೆ ತೆಗೆದಿಡುತ್ತಿದ್ದ ಚೀಲಗಳಲ್ಲಿ ಮಾವನ ಹೆಸರು ಇತ್ತು, ಆಮೇಲೆ ಇನ್ನೂ ಕೆಲವರ ಹೆಸರು ಇತ್ತು. ಇವರದು ಯಾವತ್ತೂ ಇರಲಿಲ್ಲ.

ಕೆಲವು ವರ್ಷದ ಹಿಂದೆ ದಾಸರಹಳ್ಳಿಯ ಮದುವೆ ಛತ್ರವೊಂದರಲ್ಲಿ ಅವರು ಸಿಕ್ಕರು. ವಯಸ್ಸಾಗಿತ್ತು, ಬೆರಳ ತುದಿಗಳು ಮಾತ್ರ ಮೊದಲಿನಂತೆಯೇ ಕಪ್ಪಗೆ ಗಟ್ಟಿಯಾಗಿದ್ದವು. ಊಟವಾದ ಮೇಲೆ ಹೊರಗೆ ಕೂತಾಗ, ನೀವೇಕೆ ಒಂದು ಸಲವಾದರೂ ಲಖನೌಗೆ ಹೋಗಿ ಬರಲಿಲ್ಲ ಮೇಸ್ತ್ರಿ ಎಂದು ಕೇಳಿದೆ.

“ನಿಮ್ಮ ಮಾವ ಕರ್ಕೊಂಡು ಹೋಗ್ತೀನಿ ಅಂದಿದ್ರು” ಎಂದರು. “ಈ ಸಲ ಬೇಡ, ಮುಂದಿನ ಸಲ ಅನ್ನೋರು. ನಾನು ಹೋದ್ರೆ ನನ್ನ ಹೆಸರೂ ಪಟ್ಟೀಲಿ ಬರ್ತಿತ್ತಲ್ಲ ಸ್ವಾಮಿ. ಅವರಿಗೂ ಅದು ಗೊತ್ತಿತ್ತು, ನನಗೂ ಗೊತ್ತಿತ್ತು.” ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಮಾವ ಅಂಥವರಲ್ಲ ಎಂದು ಹೇಳಬೇಕೆಂದು ನಾಲಗೆಯ ತುದಿಗೆ ಬಂತು, ಹೇಳಲಿಲ್ಲ. ಅವರು ಹೇಳಿದ್ದು ನಿಜವೆಂದು ನನಗೆ ಕೂತಲ್ಲೇ ತಿಳಿಯಿತು.

ಆಮೇಲೆ ಅವರೇ ಕೇಳಿದರು, ಹೊಸ ಬೋಗಿಗಳಿಗೆ ಈಗ ಬುಷ್ಷು ಏನು ಹಾಕುತ್ತಾರೆ ಎಂದು. ಬ್ರೇಕಿಗೆ ಮೊದಲಿನಷ್ಟು ಬೇಕಿಲ್ಲ, ಗಾಲಿಯ ಅಚ್ಚು ಹಿಡಿಯುವ ಕೈಯ ಒಳಗೆ ಕಬ್ಬಿಣಕ್ಕೆ ರಬ್ಬರ್ ಅಂಟಿಸಿದ ಒಂದು ಬುಷ್ಷು ಇರುತ್ತದೆ ಎಂದೆ. ಅಂಟು ಬಿಡುವುದಿಲ್ಲವೇ, ಬಿಟ್ಟರೆ ಯಾವ ಕಡೆಯಿಂದ ಬಿಡುತ್ತದೆ, ಕಬ್ಬಿಣದ ಮೈಯನ್ನು ಏನು ಹಾಕಿ ತೊಳೆಯುತ್ತಾರೆ, ರಬ್ಬರಿನ ಗಟ್ಟಿತನ ಎಷ್ಟು ಎಂದು ಒಂದರ ಮೇಲೊಂದು ಕೇಳಿದರು. ನನಗೆ ಅಷ್ಟು ಗೊತ್ತಿರಲಿಲ್ಲ. ಅವರು ಎಲೆಯಡಿಕೆಯ ಚೀಲದಿಂದ ಪೆನ್ಸಿಲ್ ತೆಗೆದು, ಮದುವೆಯ ಕಾಗದದ ಹಿಂದೆ ಎರಡು ವೃತ್ತ ಬರೆದು, ನಡುವೆ ರಬ್ಬರ್ ಎಷ್ಟು ದಪ್ಪವಿದ್ದರೆ ಸರಿಹೋದೀತು ಎಂದು ನನಗೆ ವಿವರಿಸತೊಡಗಿದರು.